ಬಾವಾ ಗೋರ್

ಬಾವಾ ಗೋರ್ ಆಫ್ರಿಕದಿಂದ ಬಂದು ಗುಜರಾತಿನಲ್ಲಿ ನೆಲೆಸಿದ ಸೂಫಿ ಸಂತ. ಪಶ್ಚಿಮ ಭಾರತದ ಆಫ್ರಿಕಮೂಲದ ಸಿದ್ದಿಗಳು ಈತನನ್ನು ತಮ್ಮ ಹಿರಿಯನೆಂದೂ ಸಮುದಾಯದ ರಕ್ಷಕನೆಂದೂ ಆರಾಧಿಸುತ್ತಾರೆ. ಈತನ ಸಮಾಧಿ ಭರೂಚ್ ಜಿಲ್ಲೆಯ ಝಗಡಿಯಾ ತಾಲ್ಲೂಕಿನ ರತನ್‌ಪುರದ ಬಳಿ, ನರ್ಮದಾ ನದಿಗೆ ದಕ್ಷಿಣದಲ್ಲಿರುವ ಒಂದು ಬೆಟ್ಟದ ಮೇಲಿದೆ. ಮನೋವ್ಯಾಧಿ, ದೆವ್ವದ ಕಾಟವೆಂದು ಜನರು ನಂಬುವ ತೊಂದರೆಗಳು, ಮಾಟದ ಭಯ, ಮಕ್ಕಳಿಲ್ಲದ ಕೊರಗು ಮೊದಲಾದವುಗಳಿಗೆ ಪರಿಹಾರ ಕೋರಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು ಮತ್ತು ಭಿಲ್ಲರು ಈ ದರ್ಗಾಕ್ಕೆ ಬರುತ್ತಾರೆ. ಮದ್ದಳೆ, ಹಾಡು ಮತ್ತು ಕುಣಿತಗಳನ್ನು ರೋಗಶಮನದ ಸಾಧನವಾಗಿ ಬಳಸುವ ಆಫ್ರಿಕದ ಪದ್ಧತಿಯೊಂದು ಭಾರತದಲ್ಲಿ ಉಳಿದುಬಂದಿರುವುದು ಮುಖ್ಯವಾಗಿ ಈ ಸಂತನ ಹೆಸರಿನ ಆಶ್ರಯದಲ್ಲಿ.

ಹೆಸರು

ಸಂಪ್ರದಾಯದ ಪ್ರಕಾರ ಈತನ ಮೊದಲ ಹೆಸರು ಸಿದಿ ಮುಬಾರಕ್ ನೋಬಿ. ನೋಬಿ ಎಂಬುದು ನ್ಯೂಬಿಯ ದೇಶದವನು ಎಂಬ ಅರ್ಥವನ್ನು ಸೂಚಿಸುತ್ತದೆ. ಈಗಿನ ಸೂಡಾನಿನ ಉತ್ತರಭಾಗ ಮತ್ತು ಈಜಿಪ್ಟಿನ ದಕ್ಷಿಣಭಾಗಗಳು ಸೇರಿದ ಪ್ರದೇಶವೇ ಪ್ರಾಚೀನ ನ್ಯೂಬಿಯ. ಆದರೆ ಭಕ್ತರು ಹೇಳುವ ಕಥೆಗಳಲ್ಲಿ ಈತ ಅಬಿಸೀನಿಯದವನು, ಎಂದರೆ ಹಬಶಿ. ಮಧ್ಯಕಾಲೀನ ಭಾರತದಲ್ಲಿ ಆಫ್ರಿಕದ ಯಾವ ಭಾಗದಿಂದ ಬಂದವರನ್ನೂ ಹಬಶಿಗಳೆಂದು ಕರೆಯುವ ರೂಢಿಯಿದ್ದುದರಿಂದ ಈ ವ್ಯತ್ಯಾಸಕ್ಕೆ ಹೆಚ್ಚಿನ ಮಹತ್ತ್ವವಿಲ್ಲ. ಬಾಬಾ ಘೋರ್, ಗೋರಿ ಪೀರ್ ಎಂಬ ರೂಪಗಳೂ ಬಳಕೆಯಲ್ಲಿವೆ. ಆಳವಾದ ಧ್ಯಾನ ಎಂಬ ಅರ್ಥದ ಅರಬ್ಬೀ ಪದದಿಂದ ಗೋರ್ ಎಂಬ ಬಿರುದು ಬಂದಿತೆಂದು ಅನುಯಾಯಿಗಳು ವಿವರಿಸುತ್ತಾರೆ. ಗುಜರಾತಿನಲ್ಲಿ ಸಿದಿ ಎಂದೂ ಪಾಕಿಸ್ತಾನದ ಸಿಂಧ್‌ನಲ್ಲಿ ಶೀದಿ ಎಂದೂ ಕರೆಯಲ್ಪಡುವ ಸಮುದಾಯವೇ ಕನ್ನಡನಾಡಿನಲ್ಲಿ ಸಿದ್ದಿ ಎಂಬ ಹೆಸರಿನಿಂದ ಪರಿಚಿತವಾಗಿದೆ.

ಐತಿಹ್ಯದಲ್ಲಿ ಜೀವನ

ಬಾವಾ ಗೋರ್‌ನ ಜೀವನವೃತ್ತಾಂತ ತಿಳಿದುಬರುವುದು ಮೌಖಿಕ ಪರಂಪರೆಯಿಂದ. ಅದನ್ನು ಕಾಪಾಡಿಕೊಂಡು ಬಂದವರು ದರ್ಗಾದ ಸೇವೆಯಲ್ಲಿರುವ ಸಿದ್ದಿ ಫಕೀರರು. ಕಥೆ ಹೇಳುವವರಿಂದ ಹೇಳುವವರಿಗೆ ವಿವರಗಳು ಬದಲಾಗುತ್ತವೆಯಾದರೂ ಮುಖ್ಯ ಎಳೆ ಒಂದೇ.

ಆ ಕಥೆಯಂತೆ ಮುಬಾರಕ್ ಹುಟ್ಟಿನಿಂದ ಫಕೀರನಾಗಿರಲಿಲ್ಲ. ಆತ ಸೈನಿಕರ ನಾಯಕನಾಗಿದ್ದ. ಮೆಕ್ಕಾ ಯಾತ್ರೆ ಮಾಡಿ, ಅಲ್ಲಿಂದ ಇರಾಕ್ ಪ್ರದೇಶಕ್ಕೆ ಹೋಗಿ, ರಿಫಾಯಿ ಸೂಫಿ ಪಂಥದಲ್ಲಿ ದೀಕ್ಷೆ ಪಡೆದ. ಕತ್ತಿಯನ್ನು ಬಿಟ್ಟು ಧ್ಯಾನಕ್ಕೆ ತಿರುಗಿದ ಈ ಶಿಷ್ಯನಿಗೆ ಗೋರ್ ಎಂಬ ಬಿರುದು ದೊರೆತದ್ದು ಅಲ್ಲಿಯೇ. ರಿಫಾಯಿ ಪಂಥದ ಮೂಲಪುರುಷನಾದ ಅಹ್ಮದ್ ಕಬೀರ್ ರಿಫಾಯಿಯೇ ಈತನ ತಲೆಗೆ ಪೇಟ ಕಟ್ಟಿದನೆಂದು ಹೇಳುವವರಿದ್ದಾರೆ. ಕಬೀರ್ ರಿಫಾಯಿ ಮೃತನಾದದ್ದು 1182ರಲ್ಲಿ. ಈ ಮಾತನ್ನು ಅಕ್ಷರಶಃ ಒಪ್ಪಿದರೆ ಬಾವಾ ಗೋರ್ 12ನೆಯ ಶತಮಾನದವನಾಗಬೇಕಾಗುತ್ತದೆ. ಸಂತರ ಕಥೆಗಳಲ್ಲಿ ಗುರುವೆಂದರೆ ಪಂಥದ ಮೂಲಗುರುವೇ ಆಗಿಬಿಡುವುದು ಸಾಮಾನ್ಯವಾದ್ದರಿಂದ ಇದನ್ನು ಕಾಲನಿರ್ಣಯಕ್ಕೆ ಆಧಾರವಾಗಿ ಹಿಡಿಯುವುದು ಕಷ್ಟ. ರಿಫಾಯಿ ಪಂಥದೊಡನೆ ಸಿದ್ದಿ ಫಕೀರರಿಗೆ ಇರುವ ಸಂಬಂಧವನ್ನು ಕಥೆ ಈ ರೀತಿಯಲ್ಲಿ ನೆನಪಿಟ್ಟುಕೊಂಡಿದೆ ಎನ್ನಬಹುದು.

ದೀಕ್ಷೆಯ ಬಳಿಕ ಈತ ತನ್ನ ಅನುಚರರೊಡನೆ ಸಿಂಧ್ ಮತ್ತು ಕಛ್ ಮಾರ್ಗವಾಗಿ ಗುಜರಾತಿಗೆ ಬಂದ. ಬಂದ ಉದ್ದೇಶ ರಾಜ್ಯ ಗೆಲ್ಲುವುದಲ್ಲ. ರತನ್‌ಪುರದ ಬೆಟ್ಟದ ಮೇಲೆ ನೆಲೆಸಿ ಸುತ್ತಲಿನ ಜನರನ್ನು ಪೀಡಿಸುತ್ತಿದ್ದ ಮಖನ್ ದೇವಿ ಎಂಬ ಮಾಯಾವಿನಿಯನ್ನು ಅಡಗಿಸುವುದು. ಕೆಲಸ ಬೇಗ ಮುಗಿಯಲಿಲ್ಲ. ಅಣ್ಣ ಹಿಂದಿರುಗದಿರಲು ತಮ್ಮ ಬಾವಾ ಹಬಶ್ ಹುಡುಕಿಕೊಂಡು ಬಂದ, ಆತನೂ ಹಿಂದಿರುಗಲಿಲ್ಲ. ಕೊನೆಗೆ ತಂಗಿ ಮಾಯಿ ಮಿಶ್ರಾ ಹೊರಟು ಬಂದಳು. ಹೆಣ್ಣಿನ ಮೇಲೆ ಕೈಮಾಡುವುದು ಗಂಡಸಿಗೆ ತಕ್ಕುದಲ್ಲವಾದ್ದರಿಂದ ಅಣ್ಣಂದಿರು ಮಖನ್ ದೇವಿಯನ್ನು ತಡೆದಿರಿಸಿದ್ದರೇ ಹೊರತು ಮುಗಿಸಲಾರದೆ ಇದ್ದರು. ಆ ಕೆಲಸವನ್ನು ಮಾಯಿ ಮಿಶ್ರಾ ಮಾಡಿದಳು. ಮಾಯಾವಿನಿಯನ್ನು ನೆಲದೊಳಕ್ಕೆ ಅದುಮಿದಳು. ಮೂವರೂ ಅಲ್ಲಿಯೇ ಉಳಿದು, ಅಲ್ಲಿಯೇ ಸಮಾಧಿಯಾದರು. ಮಿಶ್ರಾ ಎಂಬ ಹೆಸರು ಈಜಿಪ್ಟಿನ ಅರಬ್ಬೀ ಹೆಸರಾದ ಮಿಸ್ರ್ ಎಂಬುದರಿಂದ ಬಂದದ್ದು. ಉತ್ತರ ಭಾರತದ ಬ್ರಾಹ್ಮಣ ಕುಲನಾಮಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಥೆಯ ಕೊನೆಯ ಭಾಗ ಗಮನಾರ್ಹವಾದುದು. ಸಂತನ ಚರಿತ್ರೆಯಲ್ಲಿ ನಿರ್ಣಾಯಕ ಗೆಲುವು ಸಂತನಿಗೆ ಸಲ್ಲದೆ ಆತನ ತಂಗಿಗೆ ಸಲ್ಲುತ್ತದೆ. ದರ್ಗಾದಲ್ಲಿ ನಡೆಯುವ ಚಿಕಿತ್ಸೆಯ ಸ್ವರೂಪವನ್ನು ತಿಳಿಯಲು ಈ ಅಂಶ ಅವಶ್ಯಕ.

ಅಗೇಟ್ ಕಲ್ಲು ಮತ್ತು ಸಂತನ ಕಾಲ

ರತನ್‌ಪುರ ಎಂದರೆ ರತ್ನಗಳ ಊರು. ಸುತ್ತಲಿನ ನೆಲದಲ್ಲಿ ಅಕೀಕ್ ಎಂದು ಕರೆಯುವ ಅಗೇಟ್ ಕಲ್ಲು ದೊರೆಯುತ್ತದೆ. ಗಣಿಯಿಂದ ತೆಗೆದ ಮಸುಕು ಬಣ್ಣದ ಕಲ್ಲನ್ನು ಬಿಸಿಲಿನಲ್ಲಿ ಒಣಗಿಸಿ, ಮಣ್ಣಿನ ಪಾತ್ರೆಗಳಲ್ಲಿಟ್ಟು ಹದವಾಗಿ ಸುಟ್ಟಾಗ ಅದರಲ್ಲಿರುವ ಕಬ್ಬಿಣದ ಅಂಶ ಮಾರ್ಪಟ್ಟು ಕಲ್ಲು ಕೆಂಪಾಗುತ್ತದೆ. ಹೀಗೆ ಸಿದ್ಧವಾದ ಕಲ್ಲನ್ನು ಖಂಭಾತ್‌ನ ಕುಶಲಕರ್ಮಿಗಳು ಮಣಿಗಳನ್ನಾಗಿ ಕೊರೆಯುತ್ತಿದ್ದರು. ಆ ಮಣಿಗಳು ಅರಬ್ಬೀ ಸಮುದ್ರವನ್ನು ದಾಟಿ ಪೂರ್ವ ಆಫ್ರಿಕದ ಕರಾವಳಿಗೆ ಹೋಗುತ್ತಿದ್ದವು. ಅಲ್ಲಿಂದ ಮರಳುವ ಹಡಗುಗಳಲ್ಲಿ ದಂತ ಬರುತ್ತಿತ್ತು, ಮನುಷ್ಯರೂ ಬರುತ್ತಿದ್ದರು.

ಮಣಿ ಮಾಡುವವರು ಬಾವಾ ಗೋರ್‌ನನ್ನು ತಮ್ಮ ವೃತ್ತಿಯ ರಕ್ಷಕನೆಂದು ಪೂಜಿಸುತ್ತಾರೆ. ಈ ಕಸುಬನ್ನು ಬೆಳೆಸಿದವನೂ ಆತನೇ ಎಂದು ನಂಬುತ್ತಾರೆ. ಲೋಥಲ್ ಮೊದಲಾದ ಹರಪ್ಪ ನಾಗರಿಕತೆಯ ನೆಲೆಗಳಲ್ಲಿ ಇಂಥದೇ ಕೆಂಪು ಮಣಿಗಳು ದೊರೆತಿರುವುದರಿಂದ ಕಸುಬು ಸಂತನಿಗಿಂತ ಸಾವಿರಾರು ವರ್ಷ ಹಳೆಯದೆಂಬುದು ಸ್ಪಷ್ಟ. ಆದರೆ ಸಂತನ ಕಾಲವನ್ನು ಊಹಿಸಲು ಕಲ್ಲೇ ನೆರವಾಗುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಭಾರತದ ಪಶ್ಚಿಮ ಕರಾವಳಿಯನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ, ರತನ್‌ಪುರಕ್ಕೆ ಸಮೀಪದ ಲಿಮೋದ್ರಾ ಗ್ರಾಮದ ಗಣಿಯನ್ನು ಹೆಸರಿಸಿ, ಅಲ್ಲಿ ದೊರೆಯುವ ಒಂದು ಬಗೆಯ ಕಲ್ಲಿಗೆ ಬಾಬಾಗೋರ್ ಎಂಬ ಹೆಸರಿದೆ ಎಂದು ದಾಖಲಿಸಿದ್ದಾನೆ. ಸಂತನ ಹೆಸರು ಕಲ್ಲಿನ ವ್ಯಾಪಾರನಾಮವಾಗುವಷ್ಟು ಆ ಹೊತ್ತಿಗೇ ಬೇರೂರಿತ್ತು. ಆದ್ದರಿಂದ ಈತ 1500ಕ್ಕಿಂತ ಸಾಕಷ್ಟು ಮೊದಲೇ ಬಾಳಿದವನಾಗಿರಬೇಕು.

ಆಫ್ರಿಕದವರು ಭಾರತಕ್ಕೆ ಬಂದದ್ದು ಒಂದೇ ರೀತಿಯಲ್ಲಲ್ಲ. ಸೈನಿಕರಾಗಿ, ನಾವಿಕರಾಗಿ, ಅರಮನೆಯ ಕಾವಲಿನವರಾಗಿ ಬಂದು ಅಧಿಕಾರಕ್ಕೇರಿದವರಿದ್ದರು. ಅಹ್ಮದ್‌ನಗರದ ಮಲಿಕ್ ಅಂಬರ್, ವಿಜಾಪುರದ ಇಖ್ಲಾಸ್ ಖಾನ್ ಇಂಥವರು. ಗುಲಾಮರಾಗಿ ತರಲ್ಪಟ್ಟು ಹೆಸರಿಲ್ಲದೆ ಅಳಿದವರು ಅವರಿಗಿಂತ ಬಹಳ ಹೆಚ್ಚು. ಹಿಂದಿನವರ ಊರು, ಕುಲ, ಭಾಷೆಗಳ ನೆನಪು ಅಳಿಸಿಹೋದ ಜನರಿಗೆ ಬಾವಾ ಗೋರ್‌ನ ಕಥೆ ಒಂದು ಪೂರ್ವಜತ್ವವನ್ನು ಒದಗಿಸಿತು. ಆ ಕಥೆಯಲ್ಲಿ ಆಫ್ರಿಕದಿಂದ ಬಂದವರು ಮಾರಾಟವಾಗಿ ಬಂದವರಲ್ಲ; ಈ ನಾಡಿನ ಪೀಡೆಯನ್ನು ಕಳೆಯಲು ತಾವಾಗಿಯೇ ಹೊರಟು ಬಂದ ಅಣ್ಣ, ತಮ್ಮ ಮತ್ತು ತಂಗಿ.

ಗೋಮಾ

ಬಾವಾ ಗೋರ್‌ನ ಆರಾಧನೆಯ ಕೇಂದ್ರದಲ್ಲಿರುವುದು ಗೋಮಾ ಎಂಬ ಮದ್ದಳೆ, ಹಾಡು, ಕುಣಿತಗಳ ಕೂಟ. ಇದನ್ನು ಧಮಾಲ್ ಎಂದೂ ಕರೆಯುವುದುಂಟು. ಗೋಮಾ ಎಂಬ ಶಬ್ದ ಸ್ವಾಹಿಲಿ ಮತ್ತು ಅದರ ಬಳಗದ ಬಂಟು ಭಾಷೆಗಳ ಎನ್‌ಗೋಮಾ ಎಂಬುದರ ರೂಪಾಂತರ. ಆ ಭಾಷೆಗಳಲ್ಲಿ ಎನ್‌ಗೋಮಾ ಎಂದರೆ ಮದ್ದಳೆ. ಮದ್ದಳೆಗೆ ಕುಣಿಯುವ ಕುಣಿತ. ಆ ಕುಣಿತದಿಂದ ರೋಗಿಯನ್ನು ಗುಣಪಡಿಸುವ ವಿಧಿ. ಮೂರಕ್ಕೂ ಒಂದೇ ಮಾತು. ನ್ಯೂಬಿಯದ ಹೆಸರು ಹೊತ್ತ ಸಂತನ ಮುಂದೆ ಬಂಟು ಹೆಸರಿನ ಮದ್ದಳೆ ನುಡಿಯುವುದನ್ನು ಗಮನಿಸಿದರೆ, ಆಫ್ರಿಕದ ಬೇರೆಬೇರೆ ಮೂಲೆಗಳಿಂದ ಬಂದವರು ಇಲ್ಲಿ ಒಂದೇ ಸಮುದಾಯವಾಗಿ ಬೆರೆತುದು ತಿಳಿಯುತ್ತದೆ.

ವಾದ್ಯಗಳಲ್ಲಿ ಮುಖ್ಯವಾದದ್ದು ಮುಗರ್ಮಾನ್. ಇದು ಕಾಲುಗಳ ಮೇಲೆ ನಿಲ್ಲುವ ಎತ್ತರದ ಮರದ ಮದ್ದಳೆ. ಸಿದ್ದಿಗಳು ಇದನ್ನು ಪವಿತ್ರವೆಂದು ಭಾವಿಸುತ್ತಾರೆ. ಇದರೊಡನೆ ಮುಸಿಂಡೋ ಎಂಬ ಚಿಕ್ಕ ಮದ್ದಳೆ ಇರುತ್ತದೆ. ಬಟ್ಟೆಯ ಹೊದಿಕೆಯುಳ್ಳ ತೆಂಗಿನ ಕರಟದ ಗಿಲಕಿಗೆ ಮಾಯಿ ಮಿಶ್ರಾ ಎಂದೇ ಹೆಸರು. ಮಲುಂಗಾ ಎಂಬುದು ಬಿಲ್ಲಿನಾಕಾರದ ವಾದ್ಯ. ಒಂದೇ ತಂತಿಯನ್ನು ಬಿಗಿದು, ನಾದ ತುಂಬಲು ಬುರುಡೆಯನ್ನು ಕಟ್ಟಿ, ಕಡ್ಡಿಯಿಂದ ಬಡಿದು ನುಡಿಸುವಂಥದು. ಬ್ರೆಜಿಲ್ ದೇಶಕ್ಕೆ ಒಯ್ಯಲ್ಪಟ್ಟ ಆಫ್ರಿಕದವರ ಬೆರಿಂಬಾವ್ ವಾದ್ಯ ಇದಕ್ಕೆ ಬಹಳ ಹತ್ತಿರದ್ದು. ಹಿಂದೆ ಸಿದ್ದಿ ಫಕೀರರು ಮಲುಂಗಾವನ್ನು ನುಡಿಸುತ್ತ ಊರೂರು ತಿರುಗಿ ಭಿಕ್ಷೆ ಬೇಡುತ್ತಿದ್ದರು.

ಗೋಮಾ ಕುಳಿತು ಹಾಡುವುದರಿಂದ ಆರಂಭವಾಗುತ್ತದೆ. ಒಬ್ಬ ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಮ್ಮೇಳವಾಗಿ ಹಾಡುತ್ತಾರೆ. ಅಲ್ಲಾಹನನ್ನೂ ಪ್ರವಾದಿಯನ್ನೂ ಬಾವಾ ಗೋರ್‌ನನ್ನೂ ಸ್ಮರಿಸುವ ಈ ಹಾಡುಗಳಲ್ಲಿ ಹಿಂದುಸ್ತಾನಿ, ಗುಜರಾತಿ, ಅರಬ್ಬೀ ಮಾತುಗಳ ನಡುವೆ ಸ್ವಾಹಿಲಿಯ ತುಣುಕುಗಳು ಸೇರಿಕೊಂಡಿವೆ. ಅವುಗಳ ಅರ್ಥ ಹಾಡುವವರಿಗೆ ಈಗ ಮರೆತುಹೋಗಿದ್ದರೂ ಬಾಯಿಂದ ಬಾಯಿಗೆ ಬರುವುದು ತಪ್ಪಿಲ್ಲ. ಗತಿ ಏರಿದಂತೆ ಜನರು ಎದ್ದು ಕುಣಿಯತೊಡಗುತ್ತಾರೆ. ಕೆಲವರಿಗೆ ಹಾಲ್ ಬರುತ್ತದೆ. ಹಾಲ್ ಎಂಬುದು ಸೂಫಿ ಪರಿಭಾಷೆಯಲ್ಲಿ ದೈವಾನುಗ್ರಹದಿಂದ ಒದಗುವ ಭಾವಸ್ಥಿತಿ. ಸಿದ್ದಿಗಳಲ್ಲಿ ಅದು ಸಂತನು ಭಕ್ತನ ಮೈದುಂಬುವುದು. ಪಾವಗಡ, ಮಧುಗಿರಿ, ಶಿರಾ ಸೀಮೆಯ ದೇವರ ಉತ್ಸವಗಳಲ್ಲಿ ಉರುಮೆಯ ನಾದಕ್ಕೆ ಪೂಜಾರಿಯ ಮೈಮೇಲೆ ದೇವರು ಬರುವುದನ್ನು ಕಂಡವರಿಗೆ ಇದು ತೀರ ಹೊಸದೆನಿಸದು. ಹಾಲ್ ಬಂದವನೆದುರು ರೋಗಿಗಳೂ ಅವರ ಬಂಧುಗಳೂ ತಮ್ಮ ಕಷ್ಟವನ್ನು ಹೇಳಿಕೊಂಡು ಪರಿಹಾರ ಕೇಳುತ್ತಾರೆ.

ರತನ್‌ಪುರದ ಚಿಕಿತ್ಸಾಕ್ರಮ

ಬೆಟ್ಟದ ಮೇಲೆ ಬಾವಾ ಗೋರ್, ಬಾವಾ ಹಬಶ್ ಮತ್ತು ಮಾಯಿ ಮಿಶ್ರಾರ ಮೂರು ಸಮಾಧಿಗಳಿವೆ. ಐತಿಹ್ಯದಲ್ಲಿ ಒಡಹುಟ್ಟಿದವರು ಹಂಚಿಕೊಂಡ ಕೆಲಸವನ್ನೇ ಸಮಾಧಿಗಳೂ ಹಂಚಿಕೊಂಡಿವೆ. ಹೆಣ್ಣು ದೆವ್ವದ ಪೀಡೆ, ಬಂಜೆತನ, ಹೆಂಗಸರ ಇತರ ತೊಂದರೆಗಳು ಮಾಯಿ ಮಿಶ್ರಾಳ ಪಾಲಿಗೆ ಸೇರುತ್ತವೆ. ಮಖನ್ ದೇವಿಯನ್ನು ಅಡಗಿಸಿದವಳು ಆಕೆಯಲ್ಲವೇ ಎಂಬುದು ಇದರ ಹಿಂದಿನ ತರ್ಕ. ಅಲ್ಲಿನ ಸೇವೆಯಲ್ಲಿ ಸಿದ್ದಿ ಹೆಂಗಸರಿಗೆ ಮುಖ್ಯ ಸ್ಥಾನವಿದೆ.

ಸಹಾಯ ಕೋರಿ ಬಂದವರು ಕೆಲವೊಮ್ಮೆ ಒಂದು ದಿನ, ಕೆಲವೊಮ್ಮೆ ವಾರಗಟ್ಟಲೆ ದರ್ಗಾದ ಆವರಣದಲ್ಲಿ ಉಳಿಯುತ್ತಾರೆ. ಲೋಬಾನದ ಹೊಗೆ, ಮಂತ್ರಿಸಿದ ನೀರು, ಹರಕೆಯ ದಾರ ಇವೆಲ್ಲ ಇತರ ದರ್ಗಾಗಳಲ್ಲಿರುವಂತೆಯೇ ಇಲ್ಲಿಯೂ ಇವೆ. ಪೀಡಿತರು ತೂಗಾಡಿ, ತಲೆಗೂದಲು ಬಿಚ್ಚಿ, ತಮ್ಮದಲ್ಲದ ದನಿಯಲ್ಲಿ ಮಾತನಾಡುವುದಕ್ಕೆ ಹಾಜರಿ ಎಂದು ಹೆಸರು. ನ್ಯಾಯಾಲಯದಲ್ಲಿ ಆಪಾದಿತನು ಹಾಜರಾಗುವಂತೆ ಪೀಡಿಸುವ ಶಕ್ತಿ ಸಂತನ ಮುಂದೆ ಹಾಜರಾಗಿ, ತಾನು ಯಾರು, ಏಕೆ ಬಂದೆ, ಯಾರು ಕಳುಹಿಸಿದರು ಎಂಬುದನ್ನು ಒಪ್ಪಿಕೊಳ್ಳಬೇಕು. ಹಾಲ್ ಮತ್ತು ಹಾಜರಿಗಳ ನಡುವಣ ಭೇದವನ್ನು ಸಿದ್ದಿಗಳು ಸ್ಪಷ್ಟವಾಗಿ ಕಾಣುತ್ತಾರೆ. ಹಾಲ್‌ನಲ್ಲಿ ಬರುವವನು ಸಂತ, ಹಾಜರಿಯಲ್ಲಿ ಬರುವುದು ಪೀಡೆ. ಒಂದನ್ನು ಬರಮಾಡಿಕೊಳ್ಳುವುದು, ಇನ್ನೊಂದನ್ನು ಹೊರಹಾಕುವುದು. ಹಿಂದೆ ಈ ದರ್ಗಾ ಕಬ್ಬಿಣದ ಬೇಡಿಯ ಸತ್ಯಪರೀಕ್ಷೆಗೂ ಹೆಸರಾಗಿತ್ತು. ನಿರ್ದೋಷಿಯ ಬೇಡಿ ತಾನಾಗಿ ಕಳಚಿಬೀಳುವುದೆಂದು ನಂಬಲಾಗಿತ್ತು.

ಇಲ್ಲಿನ ಆಚರಣೆಯನ್ನು ಬಹುಕಾಲ ಅಧ್ಯಯನ ಮಾಡಿದ ಜರ್ಮನ್ ಮಾನವಶಾಸ್ತ್ರಜ್ಞೆ ಹೆಲೆನೆ ಬಾಸು ಸಿದ್ದಿಗಳ ಸಾಮಾಜಿಕ ಸ್ಥಾನಕ್ಕೂ ಅವರ ಧಾರ್ಮಿಕ ಅಧಿಕಾರಕ್ಕೂ ಇರುವ ಸಂಬಂಧವನ್ನು ವಿವೇಚಿಸಿದ್ದಾರೆ. ಇತರ ಜಾತಿಗಳವರ ಕಣ್ಣಿನಲ್ಲಿ ಸಿದ್ದಿಗಳು ಗುಲಾಮರ ಸಂತತಿಯ ಬಡವರು. ಆದರೆ ಬೆಟ್ಟವನ್ನೇರಿದಾಗ ಅದೇ ಜನರು ಸಿದ್ದಿ ಫಕೀರನ ಮುಂದೆ ತಲೆಬಾಗಿ, ಆತನು ಹೇಳಿದಂತೆ ನಡೆದುಕೊಳ್ಳಬೇಕಾಗುತ್ತದೆ. ಆಫ್ರಿಕದ ಎನ್‌ಗೋಮಾದಿಂದ ರತನ್‌ಪುರದ ಗೋಮಾ ಬೇರೆಯಾಗುವುದೂ ಇಲ್ಲಿಯೇ. ಅಮೆರಿಕದ ವಿದ್ವಾಂಸ ಜಾನ್ ಜಾನ್ಜೆನ್ ಮಧ್ಯ ಮತ್ತು ದಕ್ಷಿಣ ಆಫ್ರಿಕದ ಎನ್‌ಗೋಮಾ ವಿಧಿಗಳನ್ನು ಕುರಿತು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿರುವಂತೆ, ಅಲ್ಲಿ ಕಾಯಿಲೆಯಿಂದ ನರಳಿದವನು ವಿಧಿಯ ಮೂಲಕ ಅದೇ ಕೂಟಕ್ಕೆ ಸೇರಿ, ಕ್ರಮೇಣ ತಾನೇ ಇತರರನ್ನು ಗುಣಪಡಿಸುವವನಾಗುತ್ತಾನೆ. ರತನ್‌ಪುರದಲ್ಲಿ ಬಹುಪಾಲು ರೋಗಿಗಳು ಹೊರಗಿನವರು, ಗುಣಪಡಿಸುವವರು ಸಿದ್ದಿಗಳು. ಗುಣಹೊಂದಿದವನು ಹರಕೆ ತೀರಿಸಿ ಊರಿಗೆ ಮರಳುತ್ತಾನೆ. ಮದ್ದಳೆ ಸಿದ್ದಿಗಳ ಕೈಯಲ್ಲಿಯೇ ಉಳಿಯುತ್ತದೆ.

ಇಂಥ ಸ್ಥಳಗಳ ಉಪಯುಕ್ತತೆಯನ್ನು ಕುರಿತು ಭಿನ್ನಾಭಿಪ್ರಾಯಗಳಿವೆ. ಹೇಳಿಕೊಳ್ಳಲಾಗದ ದುಃಖಕ್ಕೆ ಇಲ್ಲಿ ಒಂದು ಹೆಸರು ದೊರೆಯುತ್ತದೆ. ಮನೆಯಲ್ಲಿ ಬಾಯಿ ತೆರೆಯಲಾಗದ ಸೊಸೆಯ ಮಾತನ್ನು ಹಾಜರಿಯ ಹೊತ್ತಿನಲ್ಲಿ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ತಪ್ಪು ರೋಗಿಯದಲ್ಲವೆಂದು ಆಗುವುದರಿಂದ ಕುಟುಂಬ ಆಕೆಯನ್ನು ಮರಳಿ ಸೇರಿಸಿಕೊಳ್ಳುತ್ತದೆ. ಇವು ನಿಜವಾದ ಲಾಭಗಳು. ಆದರೆ ತೀವ್ರವಾದ ಮನೋರೋಗ, ಮೂರ್ಛೆರೋಗ ಮೊದಲಾದವುಗಳಿಗೆ ಔಷಧ ಬೇಕು. ದರ್ಗಾವಾಸದಲ್ಲಿ ಕಳೆದ ತಿಂಗಳುಗಳು ಅಂಥ ರೋಗಿಗೆ ಹಾನಿಕರವಾಗಬಲ್ಲವು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಸಮೀಪದ ಖಾಸಗಿ ಆಶ್ರಯಗೃಹವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಿಂದ ಕಟ್ಟಲ್ಪಟ್ಟಿದ್ದ ಮನೋರೋಗಿಗಳು ತಪ್ಪಿಸಿಕೊಳ್ಳಲಾರದೆ 28 ಜನ ಸತ್ತ ಬಳಿಕ ಈ ಪ್ರಶ್ನೆ ದೇಶದ ಗಮನಕ್ಕೆ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮನೋರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯನ್ನು ಬಿಡದೆ ಔಷಧವನ್ನೂ ಕೊಡುವ ದವಾ–ದುವಾ ಎಂಬ ಕಾರ್ಯಕ್ರಮ 2000ರ ದಶಕದಲ್ಲಿ ಆರಂಭವಾಯಿತು. ಅಲ್ಲಿ ಮುಜಾವರರೇ ರೋಗಿಗಳನ್ನು ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.

ಆಫ್ರಿಕ ಮತ್ತು ಇತರೆಡೆಯ ಸಮಾನ ಪದ್ಧತಿಗಳು

ಬಾವಾ ಗೋರ್‌ನ ಗೋಮಾಕ್ಕೆ ಸಮೀಪದ ಆಚರಣೆಗಳು ಆಫ್ರಿಕದಲ್ಲಿಯೂ ಆಫ್ರಿಕದವರು ಹೋದ ಕಡೆಗಳಲ್ಲಿಯೂ ಹರಡಿವೆ. ಇಥಿಯೋಪಿಯ, ಸೂಡಾನ್, ಈಜಿಪ್ಟ್‌ಗಳಲ್ಲಿ ಝಾರ್ ಎಂಬ ವಿಧಿ ಇದೆ. ಇದರಲ್ಲಿ ಭಾಗವಹಿಸುವವರು ಹೆಚ್ಚಾಗಿ ಹೆಂಗಸರು; ಪ್ರತಿಯೊಂದು ಆತ್ಮಕ್ಕೂ ಅದರದೇ ಆದ ಹಾಡು ಮತ್ತು ಬಡಿತವಿದ್ದು, ರೋಗಿಯ ಮೈ ಯಾವುದಕ್ಕೆ ಓಗೊಡುತ್ತದೆ ಎಂಬುದರಿಂದ ಪೀಡೆಯನ್ನು ಗುರುತಿಸುತ್ತಾರೆ. ಆತ್ಮವನ್ನು ಓಡಿಸುವುದು ಝಾರ್‌ನ ಗುರಿಯಲ್ಲ. ಅದನ್ನು ಒಲಿಸಿಕೊಂಡು ಅದರೊಡನೆ ಬಾಳುವುದು. ಮೊರಾಕ್ಕೊದ ಗ್ನಾವಾ ಜನರು ರಾತ್ರಿಯಿಡೀ ನಡೆಸುವ ಲೀಲಾ ಎಂಬ ಕೂಟದಲ್ಲಿ ಮೂರು ತಂತಿಯ ಗಿಂಬ್ರಿ ವಾದ್ಯ ಮತ್ತು ಕಬ್ಬಿಣದ ತಾಳಗಳಿಗೆ ಕುಣಿಯುತ್ತಾರೆ. ಇವರೂ ಗುಲಾಮರ ವಂಶಸ್ಥರು. ಪ್ರವಾದಿಯ ಸಂಗಾತಿಯಾಗಿದ್ದ ಆಫ್ರಿಕಮೂಲದ ಬಿಲಾಲನನ್ನು ತಮ್ಮ ಹಿರಿಯನೆಂದು ನಂಬುತ್ತಾರೆ. ಗ್ನಾವಾ ಕಲೆಯನ್ನು ಯುನೆಸ್ಕೊ 2019ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಾಂಬಿಯದ ಎನ್‌ಡೆಂಬು ಜನರ ಮದ್ದಳೆಯ ಚಿಕಿತ್ಸೆಯನ್ನು ವಿಕ್ಟರ್ ಟರ್ನರ್ ವಿವರವಾಗಿ ವರ್ಣಿಸಿದ್ದಾನೆ. ಕಲಹಾರಿ ಮರುಭೂಮಿಯ ಸಾನ್ ಜನರಲ್ಲಿ ಮದ್ದಳೆಯೂ ಇಲ್ಲ. ಹೆಂಗಸರು ಬೆಂಕಿಯ ಸುತ್ತ ಕುಳಿತು ಚಪ್ಪಾಳೆ ತಟ್ಟಿ ಹಾಡುತ್ತಿರಲು ಗಂಡಸರು ಸುತ್ತುಗಟ್ಟಿ ಕುಣಿದು, ಮೈಯಲ್ಲಿ ಕಾವೇರಿದ ಮೇಲೆ ನೆರೆದವರೆಲ್ಲರ ಮೇಲೂ ಕೈಯಿಡುತ್ತಾರೆ. ಕರಾಚಿಯ ಶೀದಿಗಳು ಮಂಘೋಪೀರ್ ದರ್ಗಾದ ಜಾತ್ರೆಯಲ್ಲಿ ಅಲ್ಲಿನ ಮೊಸಳೆಗಳಿಗೆ ಮಾಂಸವನ್ನು ಅರ್ಪಿಸಿ ಮುಗರ್ಮಾನ್ ನುಡಿಸಿ ಕುಣಿಯುತ್ತಾರೆ.

ಕರ್ನಾಟಕದ ಸಿದ್ದಿಗಳು

ಕರ್ನಾಟಕದ ಸಿದ್ದಿಗಳು ಮುಖ್ಯವಾಗಿ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಭಾಗಗಳ ಕಾಡಂಚಿನಲ್ಲಿ ವಾಸವಾಗಿದ್ದಾರೆ. ಇವರಲ್ಲಿ ಅನೇಕರ ಪೂರ್ವಜರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದ ಗುಲಾಮರು. ಹಿಂದೂ, ಕ್ರೈಸ್ತ, ಮುಸ್ಲಿಮ್ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋಗಿರುವ ಇವರನ್ನು ಗುಜರಾತಿನಲ್ಲಿರುವಂತೆ ಒಬ್ಬನೇ ಸಂತ ಒಂದುಗೂಡಿಸಲಿಲ್ಲ. ಆ ಕೆಲಸವನ್ನು ಇಲ್ಲಿ ಸ್ವಲ್ಪಮಟ್ಟಿಗೆ ಮಾಡಿರುವುದು ಢಮಾಮ್ ಎಂಬ ಎರಡು ಮುಖದ ಮದ್ದಳೆ ಮತ್ತು ಹಿರಿಯರ ಪೂಜೆ. ಮನೆಯಲ್ಲಿ ತೆಂಗಿನಕಾಯಿಯನ್ನಿಟ್ಟು ಅದರಲ್ಲಿ ಹಿರಿಯರನ್ನು ಕಾಣುವ ಪದ್ಧತಿ ಹಿಂದೂ ಸಿದ್ದಿಗಳಲ್ಲಿದೆ. ಸಿದ್ದಿನಾಸ್ ಎಂಬ ಪೂರ್ವಜದೈವದ ಆರಾಧನೆಗೆ ಬೇರೆ ಧರ್ಮದ ಸಿದ್ದಿಗಳೂ ಕೂಡುತ್ತಾರೆ. ಇವರ ಜೀವನವನ್ನು ಕುರಿತು ಟಿ. ಸಿ. ಪಾಲಾಕ್ಷಪ್ಪನವರ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಇರಾನಿನ ಬುಶೆಹರ್ ಬಂದರಿನಲ್ಲಿ ಮೊಹರಮ್ ಸಮಯದಲ್ಲಿ ನುಡಿಸುವ ಮದ್ದಳೆಗೂ ದಮ್ಮಾಮ್ ಎಂದೇ ಹೆಸರಿರುವುದು ಅರಬ್ಬೀ ಸಮುದ್ರದ ಎರಡು ದಡಗಳ ನಂಟನ್ನು ತೋರಿಸುತ್ತದೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಇಂದಿನ ಸ್ಥಿತಿ

ರತನ್‌ಪುರದಲ್ಲಿ ವಾರ್ಷಿಕ ಉರುಸ್ ನಡೆಯುತ್ತದೆ. ಮುಂಬಯಿಯಲ್ಲಿಯೂ ಗುಜರಾತಿನ ಹಲವು ಊರುಗಳಲ್ಲಿಯೂ ಬಾವಾ ಗೋರ್‌ನ ಸ್ಮಾರಕ ಗುಡಿಗಳಿವೆ. ನಝೀರ್ ಅಲಿ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್-ಜೈರಾಜಭಾಯ್ ದಂಪತಿಗಳು ಸಿದ್ದಿ ಸಂಗೀತವನ್ನು ಧ್ವನಿಮುದ್ರಿಸಿ, ಅದನ್ನು ಕುರಿತ ಸಾಕ್ಷ್ಯಚಿತ್ರವನ್ನು 2003ರಲ್ಲಿ ಹೊರತಂದರು. ಈಚಿನ ದಶಕಗಳಲ್ಲಿ ಸಿದ್ದಿ ಗೋಮಾ ತಂಡಗಳು ದೇಶವಿದೇಶಗಳ ರಂಗಗಳ ಮೇಲೆ ಕಾಣಿಸಿಕೊಂಡಿವೆ. ನವಿಲುಗರಿಯ ಉಡುಪು, ಮುಖದ ಬಣ್ಣ, ತೆಂಗಿನಕಾಯಿಯನ್ನು ಮೇಲಕ್ಕೆಸೆದು ತಲೆಯ ಮೇಲೆ ಒಡೆಯುವ ಸಾಹಸ ಇವು ಪ್ರೇಕ್ಷಕರಿಗಾಗಿ ಮುಂದೆ ಬಂದ ಅಂಶಗಳು. ಇದರಿಂದ ತರುಣರಿಗೆ ಸಂಪಾದನೆಯೂ ಸಮುದಾಯಕ್ಕೆ ಹೆಸರೂ ದೊರೆತಿವೆ. ರಂಗದ ಮೇಲಿನ ಪ್ರದರ್ಶನ ನಿಗದಿತ ಸಮಯಕ್ಕೆ ಮುಗಿಯುತ್ತದೆ. ದರ್ಗಾದ ಗೋಮಾಕ್ಕೆ ಅಂಥ ಕಟ್ಟಿಲ್ಲ. ಹಾಲ್ ಬಂದವನು ಇಳಿಯುವವರೆಗೂ ಮುಗರ್ಮಾನ್ ನುಡಿಯುತ್ತಿರಬೇಕು.